ಗೋದಲಿಯ ಬಟ್ಟೆಯಲ್ಲಿ ಇಲ್ಲದ ಗಂಟುಗಳು

ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ, ಎಂಟನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ನಾಚಿಕೆ ಇರುವುದು ಬೇರೆಯದಕ್ಕೆ. ಮೊಳಕಾಲ್ಮೂರಿನ ನಮ್ಮ ಚಿಕ್ಕ ಚರ್ಚಿನಲ್ಲಿ ಪ್ರತಿ ಕ್ರಿಸ್‌ಮಸ್‌ಗೆ ಯೇಸು ಹುಟ್ಟಿದ ಕೊಟ್ಟಿಗೆಯ ಹಾಗೆ ಬೊಂಬೆ ಕೂರಿಸಿ ಗೋದಲಿ ಕಟ್ಟುತ್ತಾರಲ್ಲ – ಆ ಗೋದಲಿಯೊಳಗೆ ಬಾಲಯೇಸುವನ್ನು ಮಲಗಿಸುವ ಬಿಳಿ ರೇಷ್ಮೆಯ ಬಟ್ಟೆಯನ್ನು ನೇಯ್ದು ಕೊಡುತ್ತಿದ್ದವನು ನಾನು. ಅದರಲ್ಲಿ ನಿಮ್ಮ ಮನೆಯ ಎಳೆಯೂ ಇದೆ ಎಂದು ನೀವು ನಂಬಿದ್ದಿರಿ. ಇರಲಿಲ್ಲ. ಇಪ್ಪತ್ತು ವರ್ಷ ಇರಲಿಲ್ಲ. ನಾನು ಹಾಕಲಿಲ್ಲ.

‘ನೀವು’ ಎಂದರೆ ಯಾರೆಂದು ನಿಮಗೇ ಗೊತ್ತು – ನಮ್ಮ ಬೀದಿ, ಮೇಲಿನ ಬೀದಿ, ಬಾವಿ ಓಣಿ, ಅಲ್ಲಿನ ಮಗ್ಗದ ಮನೆಗಳ ಹೆಣ್ಣುಮಕ್ಕಳು. ಆದರೆ ಇದನ್ನು ಬೇರೆ ಊರಿನವರೂ ಓದಬಹುದು. ಅವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳಬೇಕು. ಬರೆಯುವುದು ನನಗೆ ನೇಯುವಷ್ಟು ಸಲೀಸಲ್ಲ.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಮಗ್ಗದ ಮುಂದೆ ಎರಡೂ ಇಲ್ಲ – ಅಲ್ಲಿ ಲಾಳಿಯೊಂದೇ ಮಾತಾಡುತ್ತದೆ. ಶಾಲೆ ಬಿಟ್ಟ ಹುಡುಗ ಎಂದು ಯಾರೂ ಹಗುರವಾಗಿ ನೋಡಬಾರದು ಎಂಬ ಹಟಕ್ಕೆ ಬಿದ್ದು ಕಲಿತೆ. ಮೂವತ್ತು ದಾಟುವ ಹೊತ್ತಿಗೆ ಬಳ್ಳಾರಿಯ ಸೀರೆ ಅಂಗಡಿಯವರು ಹಿಂಭಾಗ ತಿರುಗಿಸಿ ನೋಡದೆ ನನ್ನ ಸೀರೆ ತೆಗೆದುಕೊಳ್ಳುತ್ತಿದ್ದರು. ‘ತಿಪ್ಪೇಸ್ವಾಮಿ ಕೈ’ ಎಂದರೆ ಸಾಕಾಗಿತ್ತು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಹೆಮ್ಮೆಯ ವಿಷಯ ಇಲ್ಲಿ ಬಚ್ಚಿಟ್ಟರೆ ಉಳಿದದ್ದು ಅರ್ಥವಾಗುವುದಿಲ್ಲ.

ನನಗೆ ಇನ್ನೊಂದು ಗುಣವಿತ್ತು, ಈಗಲೂ ಇದೆ. ಕಂಡದ್ದನ್ನೆಲ್ಲ ‘ಯಾಕೆ ಹೀಗೆ?’ ಎಂದು ಕೇಳುವುದು. ನಮ್ಮ ದೇವರು ಬೇರೆ, ಹಬ್ಬ ಬೇರೆ. ಆದರೂ ಡಿಸೆಂಬರ್ ಬಂದರೆ ಮಗ್ಗದಿಂದ ಎದ್ದು ಚರ್ಚಿನ ಕಡೆ ಹೋಗುತ್ತಿದ್ದೆ. ಅಲ್ಲಿ ಇದ್ದದ್ದೇ ಹತ್ತು ಹನ್ನೆರಡು ಮನೆಯವರು. ಅವರು ಗೋದಲಿ ಕಟ್ಟುವುದನ್ನು ನೋಡಬೇಕು ನೀವು! ಖಾಲಿ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಚಳ್ಳಕೆರೆಯ ಕರಿ ಕಂಬಳಿ ಹೊದಿಸಿದರೆ ಅದೇ ಬೆಟ್ಟ. ಜೋಳದ ದಂಟಿನ ಗುಡಿಸಲು. ಒಡೆದ ಕನ್ನಡಿಯ ಚೂರು – ಅದೇ ಕೆರೆ. ಇಪ್ಪತ್ತು ದಿನ ಮೊದಲೇ ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿ, ಅದನ್ನು ಹಾಗೇ ತಂದಿಟ್ಟರೆ ಹಸಿರು ಹುಲ್ಲುಗಾವಲು. ‘ದಸರಾದಲ್ಲಿ ನಾವೂ ಘಟಕ್ಕೆ ಹೀಗೇ ಸಸಿ ಬೆಳೆಸ್ತೀವಲ್ಲ’ ಎಂದು ನನಗೆ ಆಶ್ಚರ್ಯ. ಕುರಿ ಬೊಂಬೆಗಳು ಸಾಲದೆ ಹೋದ ವರ್ಷ ಯಾರೋ ಒಂದು ಪ್ಲಾಸ್ಟಿಕ್ ಪೊಲೀಸನ್ನು ತಂದು ನಿಲ್ಲಿಸಿದ್ದರು. ಅವನು ಅಲ್ಲೇ ಉಳಿದ. ಪ್ರತಿ ವರ್ಷ ದನದ ಪಕ್ಕ ಸೆಲ್ಯೂಟ್ ಹೊಡೆದು ನಿಲ್ಲುತ್ತಾನೆ.

ಎಲ್ಲ ಇರುತ್ತಿತ್ತು, ನಡುವಿನ ಕೂಸು ಮಾತ್ರ ಇರುತ್ತಿರಲಿಲ್ಲ. ತೊಟ್ಟಿಲಂಥ ಸಣ್ಣ ಮೇವಿನ ತೊಟ್ಟಿ, ಅದರ ಸುತ್ತ ಎಲ್ಲರೂ ಬಗ್ಗಿ ನೋಡುತ್ತಿರುವುದು, ನೋಡುವುದಕ್ಕೆ ಏನೂ ಇಲ್ಲ! ಮರೆತಿದ್ದಾರೆ ಎಂದುಕೊಂಡು ಒಮ್ಮೆ ಕೇಳಿಯೇ ಬಿಟ್ಟೆ.

‘ಇನ್ನೂ ಹುಟ್ಟಿಲ್ಲ ಕಣಪ್ಪ, ಇಪ್ಪತ್ನಾಲ್ಕಕ್ಕೆ ಹುಟ್ತಾನೆ’ ಎಂದಳು ಆರೋಗ್ಯಮ್ಮ.

‘ಹನ್ನೆರಡು ಗಂಟೆಗಂತಲ್ಲ?’

‘ಬೇರೆ ಊರಾಗೆ ಹನ್ನೆರಡು. ನಮ್ಮೂರಾಗೆ ಸಂಜೆ ಏಳಕ್ಕೇ ಹುಟ್ಟಿಬಿಡ್ತಾನೆ. ಫಾದರ್ ಆಮೇಲೆ ಚಳ್ಳಕೆರೆ ಪೂಜೆಗೆ ಹೋಗ್ಬೇಕಲ್ಲ.’

ಈ ಆರೋಗ್ಯಮ್ಮನಿಗೇ ನಾನು ತಪ್ಪು ಮಾಡಿದ್ದು – ನಿಮಗೂ, ಅವಳ ಮೂಲಕ. ನನಗಿಂತ ಇಪ್ಪತ್ತು ವರ್ಷಕ್ಕೂ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ. ಅವಳ ಗಂಡ ಇನ್ನಾಸಪ್ಪನೂ ನೇಕಾರ. ಅವಳ ಕೆಲಸ ಮನೆಮನೆಗೆ ಹೋಗಿ ರಾಟೆಯ ಮೇಲೆ ರೇಷ್ಮೆ ನೂಲನ್ನು ಕಂಡಿಕೆಗೆ ಸುತ್ತಿಕೊಡುವುದು. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯಲ್ಲಿ ಕೂರುವ ಬೆರಳುದ್ದದ ನಳಿಗೆ. ಹಾಗಾಗಿ ಆರೋಗ್ಯಕ್ಕ ಕಾಲಿಡದ ಮಗ್ಗದ ಮನೆಯೇ ಇರಲಿಲ್ಲ.

ನಾನು ಕೇಳಿದ್ದಕ್ಕೆಲ್ಲ ಅವಳು ಉತ್ತರ ಕೊಟ್ಟಿದ್ದಾಳೆ. ಮೂವರು ರಾಜರು ಕೂಸಿಗೆ ಏನೇನು ತಂದರು ಎಂದು ಕೇಳಿದಾಗ, ಚಿನ್ನ, ಸಾಂಬ್ರಾಣಿ, ಇನ್ನೊಂದು ಥರದ ಗೋಂದು ಎಂದಳು. ‘ಬಾಣಂತಿ ಮನೆಗೆ ಚಿನ್ನ ತಂದವನು ಶ್ರೀಮಂತ, ಸಾಂಬ್ರಾಣಿ ತಂದವನು ಬುದ್ಧಿವಂತ’ ಎಂದೆ ನಾನು. ಕೂಸಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿಯದ ಮನೆ ನಮ್ಮ ಕಡೆ ಎಲ್ಲಿದೆ? ಅವಳು ಬಿದ್ದು ಬಿದ್ದು ನಕ್ಕಳು, ಮುಂದಿನ ಭಾನುವಾರ ಅದನ್ನು ಫಾದರ್‌ಗೂ ಹೇಳಿದಳಂತೆ.

ಒಂದು ವರ್ಷ ಗೋದಲಿಯ ಮೇಲೆ ತೂಗುಹಾಕುವ ಕಾಗದದ ನಕ್ಷತ್ರ ಕೊಳ್ಳುವುದಕ್ಕೆ ಅವಳ ಜೊತೆ ಚಳ್ಳಕೆರೆಗೂ ಹೋಗಿದ್ದೆ. ಅಲ್ಲಿ ಬಸ್ ನಿಲ್ದಾಣದ ಹತ್ತಿರ ಒಬ್ಬ ಸಾಬರ ಅಂಗಡಿ. ಹಬ್ಬ ಯಾವುದು ಬಂದರೆ ಆ ಹಬ್ಬದ ಸಾಮಾನು.

‘ಆವೋ ಅಕ್ಕ! ಬಾಲ ಇರೋ ಸ್ಟಾರ್ ಕೊಡ್ಲಾ, ಬಾಲ ಇಲ್ದಿರೋದು ಕೊಡ್ಲಾ?’

‘ಬಾಲ ಇರ್ಲಿ ಭಾಯ್. ಬಾಲ ಇಲ್ದಿದ್ರೆ ರಾಜರಿಗೆ ದಾರಿ ಗೊತ್ತಾಗೋದು ಹೆಂಗೆ?’

‘ಒಂಟೆ ಮೇಲೆ ಬರೋರಿಗೆ ಬಾಲ, ಬಸ್ಸಿಗೆ ಬರೋರಿಗೆ ಕಂಡಕ್ಟರ್ ಸಾಕು. ತಗೋ, ನಿಂಗೆ ಎರಡು ಬಾಲದ್ದೇ ಐತೆ.’

ಇಷ್ಟೆಲ್ಲ ಕೇಳಿದೆ, ನೋಡಿದೆ. ಒಂದನ್ನು ಮಾತ್ರ ಕೇಳಲಿಲ್ಲ.

ಬಾಲಯೇಸುವನ್ನು ಮಲಗಿಸುವ ಬಟ್ಟೆ ಪ್ರತಿ ವರ್ಷ ಹೊಸದಾಗಿ ನೇಯ್ದದ್ದೇ ಆಗಬೇಕು ಎನ್ನುವುದು ಅವರ ಮನೆಯ ಪದ್ಧತಿ. ಆರೋಗ್ಯಕ್ಕನ ಅತ್ತೆಯ ಕಾಲದಿಂದ ಬಂದದ್ದು. ಗೇಣಗಲ, ಎರಡು ಗೇಣುದ್ದ. ಇನ್ನಾಸಪ್ಪ ನೇಯುತ್ತಿದ್ದ. ಆ ಬಟ್ಟೆಯನ್ನು ನಾನು ನೋಡಿದ್ದೆ – ನೋಡಿ ಮನಸ್ಸಿನೊಳಗೇ ನಕ್ಕಿದ್ದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಪಟ್ಟೆ ಪಟ್ಟೆ. ಮೈಮೇಲೆ ಅಲ್ಲಲ್ಲಿ ನವಣೆ ಕಾಳು ಅಂಟಿಸಿದ ಹಾಗೆ ಗಂಟು. ದೇವರಿಗೆ ಕೊಡುವುದು ಹೀಗಾ? ಕೈ ಸೋತ ಮುದುಕ, ಇನ್ನೇನು ಮಾಡಿಯಾನು ಎಂದುಕೊಂಡಿದ್ದೆ.

ಎರಡು ಸಾವಿರದ ನಾಲ್ಕರಲ್ಲಿ ಇನ್ನಾಸಪ್ಪ ತೀರಿಕೊಂಡ. ಆ ವರ್ಷ ಕಾರ್ತಿಕ ಮುಗಿಯುತ್ತಿದ್ದಂತೆ ಆರೋಗ್ಯಕ್ಕ ನಮ್ಮ ಮನೆಗೆ ಬಂದು, ಸೆರಗಿನಿಂದ ಒಂದು ಕಂಡಿಕೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

‘ತಿಪ್ಪೇಶ, ಈ ಸಲದಿಂದ ನೀನು ನೇಯ್ದು ಕೊಡ್ಬೇಕಪ್ಪ. ಹಾಸು ನಿಂದೇ ಹಾಕ್ಕೋ. ಹೊಕ್ಕಿಗೆ ಮಾತ್ರ ಈ ಎಳೆ. ಗಂಟು ಬಂದ್ರೆ ಬರ್ಲಿ, ತೆಗೀಬ್ಯಾಡ.’

ಹಾಸು ಎಂದರೆ ಮಗ್ಗದ ಉದ್ದಕ್ಕೆ ಹೂಡುವ ಎಳೆ, ಹೊಕ್ಕು ಎಂದರೆ ಲಾಳಿ ಅಡ್ಡಕ್ಕೆ ಒಯ್ಯುವ ಎಳೆ. ನಾನು ಕಂಡಿಕೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಬಣ್ಣ ಹಾಕದ ಬಿಳಿ ರೇಷ್ಮೆ. ಆದರೆ ಒಂದೊಂದು ಕಡೆ ಒಂದೊಂದು ಥರ – ಒಂದು ನಯ, ಒಂದು ಒರಟು, ಒಂದಕ್ಕೆ ಹುರಿ ಜಾಸ್ತಿ, ಒಂದಕ್ಕೆ ಹುರಿಯೇ ಇಲ್ಲ. ಅಲ್ಲಲ್ಲಿ ಕಟ್ಟಿ ಕಟ್ಟಿ ಉದ್ದ ಮಾಡಿದ್ದು. ಇಲ್ಲಿ ನಾನು ಕೇಳಬೇಕಿತ್ತು. ಸಾಂಬ್ರಾಣಿ ಯಾಕೆ, ಬಾಲ ಯಾಕೆ ಎಂದು ಕೇಳಿದ ಬಾಯಿ ಇಲ್ಲಿ ‘ಗಂಟು ಯಾಕೆ’ ಎಂದು ಕೇಳಲಿಲ್ಲ. ಯಾಕೆಂದರೆ – ಉತ್ತರ ನನಗೆ ಗೊತ್ತಿದೆ ಎಂದುಕೊಂಡೆ. ಕೆಲಸಕ್ಕೆ ಹೋದ ಕಡೆ ಉಳಿದ ಚೂರುಪಾರು ನೂಲು ಒಟ್ಟುಮಾಡಿದ್ದಾಳೆ, ಬಡವಿ ಪಾಪ, ಕೊಂಡು ತರುವ ಶಕ್ತಿ ಇಲ್ಲ, ಹೇಳಿಕೊಳ್ಳಲು ನಾಚಿಕೆ. ಹಾಗೆಂದು ನಾನೇ ಕಥೆ ಕಟ್ಟಿಕೊಂಡೆ. ಕಥೆಯಲ್ಲಿ ನಾನು ಒಳ್ಳೆಯವನಾಗಿದ್ದೆ.

ಅದು ಅರ್ಧ ಸತ್ಯ. ಇನ್ನರ್ಧ ಹೇಳುತ್ತೇನೆ. ಕ್ರಿಸ್‌ಮಸ್ ದಿನ ಗೋದಲಿ ನೋಡಲು ಇಡೀ ಊರು ಬರುತ್ತದೆ. ನೇಕಾರರು ಬರುತ್ತಾರೆ, ಸೀರೆ ವ್ಯಾಪಾರಿಗಳ ಮನೆಯವರು ಬರುತ್ತಾರೆ. ಅಷ್ಟು ಜನರ ಕಣ್ಣ ಮುಂದೆ, ಪಟ್ಟೆ ಪಟ್ಟೆಯ ಗಂಟುಗಂಟು ಬಟ್ಟೆ – ‘ಇದು ತಿಪ್ಪೇಸ್ವಾಮಿ ನೇಯ್ದದ್ದು’ ಎಂದು – ಆಗುವುದಿಲ್ಲ. ನನ್ನಿಂದ ಆಗುವುದಿಲ್ಲ.

ನನ್ನ ಹತ್ತಿರದ ಒಳ್ಳೆಯ ಬಿಳಿ ನೂಲು ಹಾಕಿದೆ. ಎರಡೂ ಅಂಚಿಗೆ ಕೂದಲೆಳೆಯಷ್ಟು ಜರಿ ಕೊಟ್ಟೆ. ಹಾಲಿನ ಕೆನೆಯಂಥ ಬಟ್ಟೆ ಬಂತು. ಅವಳ ಕಂಡಿಕೆಯ ಎಳೆಯನ್ನು ಬಿಚ್ಚಿ ರೇಷ್ಮೆ ಚಿಂದಿಯ ಚೀಲಕ್ಕೆ ಹಾಕಿದೆ. ಚಿಂದಿಯವನು ಬಂದಾಗ ಚೀಲ ಹೋಯಿತು.

ಬಟ್ಟೆಯನ್ನು ಕೊಟ್ಟಾಗ ಅವಳು ಅಂಗೈ ಮೇಲೆ ಹಾಸಿಕೊಂಡಳು. ಬೆರಳಿನಿಂದ ಮೆಲ್ಲಗೆ ಸವರಿದಳು, ಈ ತುದಿಯಿಂದ ಆ ತುದಿಗೆ. ಮತ್ತೆ ಸವರಿದಳು. ಏನೋ ಹುಡುಕುವ ಹಾಗೆ.

‘ಗಂಟು ಎಲ್ಲಿ ಹೋದ್ವು ತಿಪ್ಪೇಶ?’

ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಮತ್ತೆ ಬರಲಿಲ್ಲ. ‘ಅಕ್ಕ, ಆ ನೂಲು ಸರಿಯಿರಲಿಲ್ಲ, ನಂದೇ ಹಾಕಿದೆ’ – ಇಷ್ಟೇ. ಬೈದಿದ್ದರೆ ಬೈಯುತ್ತಿದ್ದಳು. ಹೊಸ ಎಳೆ ತರುತ್ತಿದ್ದಳು. ಆದರೆ ಅವಳು ನನ್ನ ಮುಖ ನೋಡಿದ ರೀತಿ – ನನ್ನ ಕೈಯಲ್ಲಿ ಏನೋ ಪವಾಡ ಇದೆ ಎಂಬಂತೆ –

‘ಒಳಗೈದಾವೆ ಅಕ್ಕ. ಒಳಮೈಗೆ ಹೋಗೋ ಹಂಗೆ ನೇಯ್ದು, ಎರಡು ಪದರ ಮಾಡಿ ಹೊಲಿದೀನಿ.’

‘ಎಲ್ಲಾ ಐದಾವಾ?’

‘ಎಲ್ಲಾ ಐದಾವೆ.’

ಎರಡು ಪದರ ಮಾಡಿದ್ದು ನಿಜ. ಜರಿಯ ಹಿಂಭಾಗ ಕಾಣದಿರಲಿ ಎಂದು ಮಾಡಿದ್ದು. ಅದನ್ನೇ ಸುಳ್ಳಿಗೆ ಬಳಸಿದೆ. ಅವಳು ಬಟ್ಟೆಯನ್ನು ಕಣ್ಣಿಗೊತ್ತಿಕೊಂಡಳು. ‘ನಮ್ಮೆಜಮಾನ್ರ ಕೈಲಿ ಇದಾಗ್ಲಿಲ್ಲ ನೋಡು’ ಎಂದಳು. ಸತ್ತವನ ಮುಂದೆ ನನ್ನನ್ನು ಎತ್ತಿ ನಿಲ್ಲಿಸಿದಳು. ನಾನು ನಿಂತೆ.

ಆ ಕ್ರಿಸ್‌ಮಸ್‌ಗೆ ಹೋಗಿ ಗೋದಲಿಯ ಪಕ್ಕದಲ್ಲೇ ಸುಳಿದಾಡಿದೆ. ಹೆಂಗಸರು ಬಂದು ಕಟಕಟೆಯ ಮೇಲೆ ಬಗ್ಗಿ ಬಗ್ಗಿ ಬಟ್ಟೆಯನ್ನೇ ನೋಡುತ್ತಿದ್ದರು. ಕೂಸಿನ ಮುಖ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಬಟ್ಟೆ ನೋಡಿದರು. ನನ್ನ ಎದೆ ಉಬ್ಬಿತು. ಅವರ ಗಂಡಂದಿರಿಗೆ, ನನ್ನ ಓರಗೆಯ ನೇಕಾರರಿಗೆ, ಒಬ್ಬನಿಗೂ ಅಂಥ ಅಂಚು ಬರುತ್ತಿರಲಿಲ್ಲವಲ್ಲ.

ಹೀಗೇ ವರ್ಷಗಳು ಹೋದವು. ಪ್ರತಿ ವರ್ಷ ಒಂದು ಕಂಡಿಕೆ ಬರುತ್ತಿತ್ತು, ಚಿಂದಿ ಚೀಲಕ್ಕೆ ಹೋಗುತ್ತಿತ್ತು. ಪ್ರತಿ ವರ್ಷ ‘ಎಲ್ಲಾ ಐದಾವಾ?’ ಎನ್ನುತ್ತಿದ್ದಳು. ‘ಐದಾವೆ ಅಕ್ಕ.’ ಹಬ್ಬ ಕಳೆದ ಮೇಲೆ ಆ ಬಟ್ಟೆಯನ್ನು ಮಡಿಸಿ ತನ್ನ ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ತಟ್ಟೆ ತುಂಬ ಕಜ್ಜಾಯ, ಮೇಲೊಂದು ತುಂಡು ಕೇಕು ನಮ್ಮ ಮನೆಗೆ ಬರುತ್ತಿತ್ತು. ನಾನು ತಿನ್ನುತ್ತಿದ್ದೆ.

ಒಂದು ಹತ್ತು ವರ್ಷದ ಹಿಂದೆ, ಕ್ರಿಸ್‌ಮಸ್ ದಿನ ಬೆಳಿಗ್ಗೆ, ನನ್ನ ಹೆಂಡತಿ ಸುಜಾತಳನ್ನು ಕರೆದುಕೊಂಡು ಹೋಗಿದ್ದೆ. ಎಂದಿನಂತೆ ಹೆಂಗಸರ ಸಾಲು. ನಾನು ಅವಳ ಕಿವಿಯಲ್ಲಿ ಹೇಳಿದೆ: ‘ನೋಡು, ಎಲ್ಲಾರೂ ಜರಿ ಅಂಚು ನೋಡ್ತಾ ಐದಾರೆ.’

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ‘ಜರಿ ನೋಡೋಕೆ ಇಲ್ಲೀಗಂಟ ಬರ್ತಾರೇನ್ರೀ? ಅವರ ಮನೆ ಗಂಟು ಎಲ್ಲೈತೆ ಅಂತ ಹುಡುಕ್ತಾ ಐದಾರೆ. ಒಳಗೈತೆ ಅಂದ್ರೂ ಮನಸು ಕೇಳಲ್ಲ, ನೋಡ್ತಾರೆ.’

‘ಯಾವ ಮನೆ ಗಂಟು?’

‘ಅಯ್ಯೋ ರಾಮ! ಮೀಕು ತೆಲೀದಾ?’ ಎಂದು ತೆಲುಗಿಗೆ ಹೊರಳಿದಳು. ನಿಮಗೆ ಗೊತ್ತಿಲ್ಲವಾ – ನೇಯುವವರಿಗೇ?

ಆಗ ತಿಳಿಯಿತು. ನಮ್ಮ ಕಡೆ ಒಂದು ನಂಬಿಕೆಯಿದೆ: ಹುಟ್ಟಿದ ಕೂಸು ಉಳಿಯಬೇಕಾದರೆ ಅದಕ್ಕೆ ನಾಲ್ಕು ಮನೆಯಿಂದ ಬೇಡಿ ತಂದ ಬಟ್ಟೆ ಹಾಕಬೇಕು. ನನ್ನ ಹೆಸರೂ ಅಂಥದ್ದೇ ನಂಬಿಕೆಯಿಂದ ಬಂದದ್ದು – ಹುಟ್ಟಿದವನನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡಿದ್ದರಂತೆ. ಆರೋಗ್ಯಕ್ಕನ ಅತ್ತೆ ಇದೇ ಊರಿನ ಹೆಣ್ಣು. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿಗೆ ಒಂದೇ ಮನೆಯ ಬಟ್ಟೆ ಸಾಲದು, ಬೇಡಿಯೇ ತರಬೇಕು ಎಂದು ಮಗ್ಗದ ಮನೆಗಳಿಗೆಲ್ಲ ಹೋದಳಂತೆ. ಜಾತಿ ಕೇಳದೆ, ಮತ ಕೇಳದೆ, ಬಣ್ಣಕ್ಕೆ ಕೊಡುವ ಮುಂಚಿನ ನೂಲಿನಿಂದ ಹತ್ತು ಮಾರು ಎಳೆ. ಕೊಡುವವಳು ಮನಸ್ಸಿನಲ್ಲಿ ಒಂದು ಮಾತು ಹೇಳಿಕೊಂಡು ಕೊಡಬೇಕು. ಎರಡು ಮನೆಯ ಎಳೆ ಸೇರುವಲ್ಲಿ ಒಂದು ಗಂಟು. ಆ ಗಂಟುಗಳ ಮೇಲೆ ಕೂಸು ಮಲಗಬೇಕು – ಮೈಗೆ ಒತ್ತಬೇಕು, ಒತ್ತಿದರೆ ನೆನಪಾಗುತ್ತದೆ ಎಂದು.

ಅದು ಹೆಂಗಸರ ನಡುವಿನ ಮಾತು. ಗಂಡಸರು ಯಾರೂ ಕೇಳಿರಲಿಲ್ಲ. ನನಗೆ ಗೊತ್ತಿದೆ ಎಂದೇ ಆರೋಗ್ಯಕ್ಕ ತಿಳಿದಿದ್ದಳು.

‘ನೀನೂ ಕೊಟ್ಟಿದ್ಯಾ?’ ಎಂದೆ.

‘ನೀವು ನೇಯ್ದ ಎರಡನೇ ವರ್ಷ ಕೊಟ್ಟಿದ್ನಲ್ರೀ. ಇವನು ಮೂರು ತುಂಬಿದ್ರೂ ಮಾತಾಡ್ತಿರ್ಲಿಲ್ಲ, ನೆನಪಿಲ್ವಾ?’

ಇವನು ಎಂದರೆ ನಮ್ಮ ಮಗ. ಈಗ ರಾಂಪುರ–ಬಳ್ಳಾರಿ ಬಸ್ಸಿನಲ್ಲಿ ಕಂಡಕ್ಟರ್. ಬಾಯಿ ಮುಚ್ಚಿಸುವುದೇ ಕಷ್ಟ. ಎಳೆ ಚಿಂದಿಗೆ ಹೋದರೂ ಮಗನಿಗೆ ಮಾತು ಬಂತಲ್ಲ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಲು ನೋಡಿದ್ದುಂಟು. ಅದು ಆಗಲಿಲ್ಲ. ಅವಳು ಕೊಟ್ಟದ್ದು ಕೊಟ್ಟದ್ದೇ, ನಾನು ಎಸೆದದ್ದು ಎಸೆದದ್ದೇ.

ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಮುಂದಿನ ವರ್ಷದಿಂದ ಸರಿಯಾಗಿ ನೇಯುತ್ತೇನೆ, ಅಷ್ಟು ಸಾಕು ಎಂದುಕೊಂಡೆ. ಆಮೇಲೆ ಹೊಳೆಯಿತು – ನಿಜವಾದ ಎಳೆ ಹಾಕಿದರೆ ಪಟ್ಟೆ ಬೀಳುತ್ತದೆ, ಗಂಟು ಕಾಣುತ್ತದೆ. ‘ಇಷ್ಟು ವರ್ಷ ಕಾಣದ್ದು ಈ ಸಲ ಯಾಕೆ ಕಾಣ್ತೈತೆ?’ ಎಂದು ಆರೋಗ್ಯಕ್ಕ ಕೇಳಿದರೆ? ಸರಿಯಾದ ಬಟ್ಟೆಯೇ ನನ್ನ ಸುಳ್ಳನ್ನು ಹೊರಗೆ ಹಾಕುತ್ತಿತ್ತು. ನಿಜವಾಗಿಯೂ ಗಂಟು ಒಳಗೆ ಹೋಗುವಂತೆ ನೇಯಲು ಆಗುತ್ತದೆಯೇ ಎಂದು ನೋಡಿದೆ. ಅದೂ ಒಂದು ಕುತೂಹಲವೇ – ನನ್ನ ಕೈಗೆ ಆಗದ್ದು ಇದೆಯೇ ಎಂದು. ಗಂಟು ಬಿಚ್ಚಿ, ಎರಡು ತುದಿಗೆ ಬೂದಿ ಹಚ್ಚಿ ಹೊಸೆದು ಕೂಡಿಸಿದೆ. ಹಾಸಿನ ಎಳೆಗಳನ್ನು ನಾವು ಹಾಗೇ ಕೂಡಿಸುತ್ತೇವೆ. ಹೊಕ್ಕಿನಲ್ಲಿ ಅದು ನಿಲ್ಲಲಿಲ್ಲ, ಲಾಳಿಯ ಎಳೆತಕ್ಕೆ ಕಿತ್ತುಬಂತು. ಮತ್ತೆ ಗಂಟು ಹಾಕಿಟ್ಟೆ. ಮತ್ತೆ ನನ್ನ ನೂಲನ್ನೇ ಹಾಕಿದೆ. ಗೊತ್ತಿಲ್ಲದೆ ಮಾಡಿದ್ದು ಹತ್ತು ವರ್ಷ, ಗೊತ್ತಿದ್ದೂ ಮಾಡಿದ್ದು ಹತ್ತು ವರ್ಷ. ವ್ಯತ್ಯಾಸ ಒಂದೇ: ಆಮೇಲಿನ ಕಂಡಿಕೆಗಳನ್ನು ಚಿಂದಿಗೆ ಹಾಕದೆ ಗೋಡೆಯ ಗೂಡಿನಲ್ಲಿ ಇಟ್ಟೆ. ಅದನ್ನು ಒಳ್ಳೆಯತನ ಎನ್ನಬೇಡಿ. ಎಸೆಯಲು ಹೆದರಿದೆ, ಅಷ್ಟೇ.

ಈ ವರ್ಷ ಆರೋಗ್ಯಕ್ಕ ಕಂಡಿಕೆ ತಂದಾಗ ಗೋಡೆ ಹಿಡಿದು ಒಳಗೆ ಬಂದಳು. ಕೂತು ಉಸಿರು ಬಿಟ್ಟು ಹೇಳಿದಳು:

‘ಮುಂದಿನ ವರ್ಷಕ್ಕೆ ನಾನು ಇರ್ತೀನೋ ಇಲ್ಲೋ. ಮಗನಿಗೆ ಹೇಳೀನಿ, ನಿಂಗೂ ಹೇಳ್ತೀನಿ. ಆ ಬಟ್ಟೆ ಎಲ್ಲಾ ನನ್ನ ಹೂಳೋ ಪೆಟ್ಟಿಗೇಲಿ ನನ್ನ ತಲೆ ಅಡೀಗೆ ಇಡ್ರಿ. ಊರಿನ ಹೆಣ್ಮಕ್ಕಳ ಮಾತೆಲ್ಲಾ ಅದ್ರಾಗೈತೆ. ನಾನೇ ಹೊತ್ಕೊಂಡು ಹೋಗಿ ಒಪ್ಪಿಸ್ತೀನಿ.’

ನಾನು ಕಂಡಿಕೆ ತೆಗೆದುಕೊಂಡೆ. ಮಗ್ಗಕ್ಕೆ ಕೂತೆ, ಒಂದು ಎಳೆಯನ್ನೂ ಹಾಕದೆ ಎದ್ದೆ. ಈ ಮುದುಕಿ ಅಷ್ಟು ದೂರ ಹೋಗಿ, ಸೆರಗು ಬಿಚ್ಚಿ, ಖಾಲಿ ಬಟ್ಟೆಯನ್ನು ಮುಂದಿಡುತ್ತಾಳೆ – ಅವಳ ದೇವರು ಇದ್ದಾನೋ ಇಲ್ಲವೋ ನನಗೆ ತಿಳಿಯದು; ಇದ್ದರೆ ಅವನ ಮುಂದೆ ಅವಳಿಗೆ ಅವಮಾನ, ಇಲ್ಲದಿದ್ದರೂ ಅವಳಿಗೆ ಮೋಸ.

ಮಾರನೆಯ ದಿನ ಮಧ್ಯಾಹ್ನ ಆ ಕಂಡಿಕೆ ಹಿಡಿದುಕೊಂಡೇ ಅವಳ ಮನೆಗೆ ಹೋದೆ. ಗೋದಲಿಯ ಬೊಂಬೆಗಳನ್ನು ಚಾಪೆಯ ಮೇಲೆ ಹರಡಿಕೊಂಡು ಒಂದು ಕುರಿಯ ಕಾಲಿಗೆ ಗೋಂದು ಹಚ್ಚುತ್ತಿದ್ದಳು. ನಿಂತೇ ಹೇಳಿದೆ. ಮೊದಲ ವರ್ಷದಿಂದ ಹೇಳಿದೆ. ಅವಳು ತಲೆ ಎತ್ತಲಿಲ್ಲ. ಕುರಿಯ ಕಾಲನ್ನು ಒತ್ತಿ ಹಿಡಿದೇ ಇದ್ದಳು, ಗೋಂದು ಒಣಗಿದ ಮೇಲೂ.

‘ಮೊದ್ಲಿನ ಎಳೆ ಎಲ್ಲಿ?’

‘ಚಿಂದಿಯವನು ಒಯ್ದ ಅಕ್ಕ.’

‘ಎಲ್ಲೀಗೆ?’

‘ಗೊತ್ತಿಲ್ಲ.’

‘ಗೊತ್ತಿಲ್ಲ’ ಎಂದು ಅವಳೂ ಒಮ್ಮೆ ಹೇಳಿಕೊಂಡಳು. ಆಮೇಲೆ ಕೈ ಚಾಚಿದಳು. ‘ಈ ಸಲದ ಕಂಡಿಕೆ ಕೊಡಿಲ್ಲಿ.’

ಕೊಟ್ಟೆ.

‘ಕೂಸು ಈ ಸಲ ಹುಲ್ಲಿನ ಮೇಲೇ ಮಲಗ್ಲಿ. ಮೊದಲ್ನೇ ಸಲ ಮಲಗಿದ್ದೂ ಹುಲ್ಲಿನ ಮೇಲೇ.’

‘ಅಕ್ಕ, ನನ್ನ ಬೈಯಿ. ಏನಾದ್ರೂ ಅನ್ನು.’

‘ನಾನ್ಯಾಕೆ ಅನ್ಲಿ? ನಾನು ಹೊತ್ತು ತಂದೋಳು. ಎಳೆ ನಂದಲ್ಲ. ಕೊಟ್ಟೋರ ಮನೆಗೆ ಹೋಗಿ ಹೇಳು. ಎಲ್ಲಾ ಮನೆ ಆದ್ಮೇಲೆ ಇಲ್ಲಿಗೆ ಬಾ. ನನ್ನ ಸಿಟ್ಟು ಕೊನೇಗಿರ್ಲಿ.’

ಯಾರ್‍ಯಾರ ಮನೆ ಎಂದು ಅವಳೇ ಹೇಳಿದಳು, ಬೀದಿಯ ಸಾಲಿನಲ್ಲಿ, ಒಂದೂ ಬಿಡದೆ. ಮೂವತ್ತನಾಲ್ಕು ಮನೆ.

ಮೊದಲು ನನ್ನ ಮನೆಯಲ್ಲಿ ಹೇಳಿದೆ. ಸುಜಾತ ರೊಟ್ಟಿ ತಟ್ಟುತ್ತಿದ್ದಳು. ‘ಹತ್ತು ವರ್ಷದ ಹಿಂದೆ ಗೋದಲಿ ಮುಂದೆ ನಾನು ಹೇಳ್ದಾಗ ನಿಮ್ಮ ಮುಖ ಸಪ್ಪಗಾಗಿದ್ದು ಇದಕ್ಕಾ?’ ಎಂದಳು. ಅಂದು ನಾನು ಅವಳ ಹರಕೆ ನೆನೆದು ಕಣ್ಣಲ್ಲಿ ನೀರು ತಂದುಕೊಂಡೆ ಎಂದು ತಿಳಿದಿದ್ದಳಂತೆ. ಈಗಲೂ ನನ್ನ ಜೊತೆ ಹೂಂ, ಊಹೂಂ ಎನ್ನುವಷ್ಟೇ ಮಾತು.

ಉಳಿದ ಮನೆಗಳು. ಒಬ್ಬಳು ನಕ್ಕಳು: ‘ಅಯ್ಯೋ ಬಿಡಣ್ಣ, ನಾನು ಅವತ್ತು ಬೇಡಿಕೊಂಡಿದ್ದು ಅತ್ತೆ ಬೇಗ ಹೋಗ್ಲಿ ಅಂತ. ಹಾಕ್ದೇ ಇದ್ದದ್ದೇ ಒಳ್ಳೇದಾಯ್ತು.’ ಒಳಗಿನಿಂದ ಆ ಅತ್ತೆ ‘ಕೇಳಿಸ್ತು ಕಣೇ’ ಎಂದಳು. ಇನ್ನೊಬ್ಬಳು ಬಾಗಿಲಲ್ಲೇ ‘ನಿನ್ನ ಕೈ ಸೇದೋಗ’ ಎಂದು ಶಪಿಸಿದಳು. ಕೈ ಸೆಟೆದುಹೋಗಲಿ ಎನ್ನುವುದಕ್ಕಿಂತ ದೊಡ್ಡ ಶಾಪ ನೇಕಾರನಿಗೆ ಇಲ್ಲ, ತಲೆಬಾಗಿಸಿ ಕೇಳಿಸಿಕೊಂಡೆ. ಇಬ್ಬರು ತೀರಿಕೊಂಡಿದ್ದರು. ಅವರ ಸೊಸೆಯಂದಿರ ಮುಂದೆ ಹೇಳಿ ಬಂದೆ, ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ.

ಓಬಮ್ಮನ ಮನೆಗೆ ಹೋಗಲು ಹಿಂದೆ ಮುಂದೆ ನೋಡಿದೆ. ಕೊಂಡ್ಲಹಳ್ಳಿಯಿಂದ ನಮ್ಮ ಬೀದಿಗೆ ಸೊಸೆಯಾಗಿ ಬಂದವಳು. ಅವಳ ಮಗಳು ಐದು ವರ್ಷದ್ದು, ಬಳ್ಳಾರಿ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು, ಒಂದು ಸಂಕ್ರಾಂತಿಯ ಹೊತ್ತಿಗೆ ಹೋಗಿಬಿಟ್ಟಿತು. ಅದಕ್ಕೆ ಮುಂಚಿನ ಡಿಸೆಂಬರಿನ ಕಂಡಿಕೆಯಲ್ಲಿ ಅವಳ ಎಳೆ ಇತ್ತು. ಚಿಂದಿಗೆ ಹೋದ ಕಂಡಿಕೆ.

ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಬುಟ್ಟಿಯಲ್ಲಿ ಸಿಪ್ಪೆ ಬೀಳುವ ಸದ್ದು ಕೇಳುತ್ತಿತ್ತು.

‘ಅಂದ್ರೆ, ನನ್ನ ಮಾತು ಅಲ್ಲಿಗೆ ಹೋಗೇ ಇಲ್ಲ ಅನ್ನು.’

ಇನ್ನೊಂದು ಹಿಡಿ ಶೇಂಗಾವನ್ನು ಮಡಿಲಿಗೆ ಹಾಕಿಕೊಂಡಳು.

‘ಇಷ್ಟು ವರ್ಷ ಕೇಳಿಸ್ಕೊಂಡೂ ಕೊಡ್ಲಿಲ್ಲ ಅಂತ ಆ ದೇವರ ಮೇಲೆ ಸಿಟ್ಟು ಮಾಡ್ಕೊಂಡಿದ್ನಲ್ಲಣ್ಣ. ಗೋದಲಿ ಕಡೆ ತಲೆ ಹಾಕಿರ್ಲಿಲ್ಲ. ಅವನಿಗೆ ಕೇಳಿಸೇ ಇಲ್ಲ.’

ಅದು ಅವಳಿಗೆ ಸಮಾಧಾನವೋ, ಮತ್ತೊಮ್ಮೆ ಮಗಳನ್ನು ಕಳೆದುಕೊಂಡ ಹಾಗೋ – ಅವಳ ಮುಖ ನೋಡಿದರೂ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಅವಳು ಒಂದು ಹಿಡಿ ಸಿಪ್ಪೆಯನ್ನು ಅಂಗಳಕ್ಕೆ ಚೆಲ್ಲಿ, ‘ಹೋಗು’ ಎಂದಳು. ಬಂದೆ.

ಕ್ರಿಸ್‌ಮಸ್ ಬಂದು ಹೋಯಿತು. ಕೂಸು ಹುಲ್ಲಿನ ಮೇಲೆ ಮಲಗಿತು. ಬಟ್ಟೆ ಎಲ್ಲಿ ಎಂದು ಕೇಳಿದವರಿಗೆ ಆರೋಗ್ಯಕ್ಕ ‘ತಿಪ್ಪೇಶನ್ನ ಕೇಳ್ರಿ’ ಎಂದಳಂತೆ. ಆದ್ದರಿಂದ ಬರೆಯುತ್ತಿದ್ದೇನೆ. ಕೆಲವರು ರಾಂಪುರಕ್ಕೆ, ಚಳ್ಳಕೆರೆಗೆ, ಬಳ್ಳಾರಿಗೆ ಹೋಗಿ ನೆಲೆಸಿದ್ದೀರಿ. ಹುಡುಕಿಕೊಂಡು ಬರುತ್ತೇನೆ, ಬರುವ ಮುಂಚೆ ಇದು ನಿಮ್ಮ ಕೈಗೆ ಸಿಕ್ಕರೆ, ನಾನು ಯಾಕೆ ಬಂದೆ ಎಂದು ತಿಳಿದಿರಲಿ. ಬಾಗಿಲು ತೆಗೆಯುವುದು ಬಿಡುವುದು ನಿಮ್ಮಿಷ್ಟ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಎರಡು ಮಗ್ಗ. ಮಾತು ಕಡಿಮೆ ಮಾಡಿದ ಹೆಂಡತಿ, ಮಾತು ನಿಲ್ಲಿಸದ ಒಬ್ಬ ಮಗ. ಗೂಡಿನಲ್ಲಿ ಹತ್ತು ಕಂಡಿಕೆ. ಹೇಳಿ ಬಂದ ಮನೆ ಹತ್ತೊಂಬತ್ತು. ಹೇಳಬೇಕಾದ ಮನೆ ಹದಿನೈದು. ಅದಾದ ಮೇಲೆ ಆರೋಗ್ಯಕ್ಕನ ಮನೆ.